ಘಟ್ಟದ ಮೇಲೂ ಸೆಕೆ: ಶಿಕಾರಿಪುರ, ಸೊರಬದ ಮನೆಗಳ ತಂಪು ಎಲ್ಲಿಗೆ ಹೋಯಿತು?

ಘಟ್ಟದ ಮೇಲಿನ ನೆಂಟರು ಕರಾವಳಿಗೆ ಬಂದಾಗ ಬಸ್ಸಿನಿಂದ ಇಳಿದವರೇ ಹೇಳುವ ಮೊದಲ ಮಾತು ನಮಗೆಲ್ಲ ಗೊತ್ತಿದೆ: "ಎಂಥ ಸೆಕೆ ಮಾರಾಯ್ರೆ ನಿಮ್ಮಲ್ಲಿ!" ನಾವೂ ಅಷ್ಟೇ, ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಘಟ್ಟ ಹತ್ತುವಾಗ ನಾಲ್ಕು ದಿನ ತಂಪಾಗಿ ಮಲಗಬಹುದು ಎಂದು ಲೆಕ್ಕ ಹಾಕುತ್ತಿದ್ದೆವು. ಆ ಲೆಕ್ಕ ಈಗ ತಪ್ಪುತ್ತಿದೆ. ಮಾರ್ಚ್ ಕೊನೆಯ ವಾರದಲ್ಲಿ ಪರಿಚಯದ ಕುಟುಂಬವೊಂದರ ಹೊಸ ಮನೆಯ ಆಶೀರ್ವಾದಕ್ಕೆಂದು ಶಿಕಾರಿಪುರಕ್ಕೆ ಹೋಗಿದ್ದೆ. ಹೊಸನಗರ, ಆನಂದಪುರ ದಾಟಿ ತಲಪುವಾಗ ಸಂಜೆ. ಪ್ರಾರ್ಥನೆ ಮುಗಿದು ಊಟವಾಗುವಾಗ ರಾತ್ರಿ ಒಂಬತ್ತು. ಹೊರಗೆ ಅಂಗಳದಲ್ಲಿ ಹಿತವಾದ ಗಾಳಿ. ಒಳಗೆ ಕಾಲಿಟ್ಟರೆ ತಲೆಯ ಮೇಲಿಂದ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದಂತೆ ಬಿಸಿ. ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು, ಆದರೆ ಬರುತ್ತಿದ್ದದ್ದು ಬಿಸಿ ಗಾಳಿ.

ಮನೆಯ ಅಜ್ಜಿ ಹೊರಗೆ ಮೆಟ್ಟಿಲ ಮೇಲೆಯೇ ಕುಳಿತಿದ್ದರು. "ಹಳೇ ಮನೆಯಲ್ಲಾದ್ರೆ ಇಷ್ಟೊತ್ತಿಗೆ ಹೊದಿಕೆ ಹುಡುಕಬೇಕಿತ್ತು ಫಾದರ್," ಅಂದರು. ಹಳೇ ಮನೆ ಅದೇ ಜಾಗದಲ್ಲಿತ್ತು, ಎರಡು ವರ್ಷದ ಹಿಂದೆ ಕೆಡವಿದರು. ಗಲ್ಫ್‌ನಲ್ಲಿ ದುಡಿಯುವ ಮಗ ಕಳಿಸಿದ ಹಣದಲ್ಲಿ ಕಟ್ಟಿದ ಮನೆ ಇದು. ರಜೆಯಲ್ಲಿ ಬಂದಿದ್ದ ಆತ ನನ್ನನ್ನು ಬದಿಗೆ ಕರೆದು ಕೇಳಿದ: "ನಾನು ಅಲ್ಲಿ ಎಸಿ ಇಲ್ಲದೆ ಒಂದು ರಾತ್ರಿಯೂ ಮಲಗುವುದಿಲ್ಲ ಫಾದರ್. ಅಮ್ಮ, ಅಜ್ಜಿ ಇಲ್ಲಿ ಬೇಯಬೇಕಾ? ನಾಳೆಯೇ ಒಂದು ಎಸಿ ಹಾಕಿಸ್ತೇನೆ."

ನನ್ನ ಬಳಿ ಕೂಡಲೇ ಉತ್ತರ ಇರಲಿಲ್ಲ. ಪರಿಸರದ ಬಗ್ಗೆ ಪ್ರವಚನ ಕೊಡುವುದು ಸುಲಭ. ತಾಯಿಯ ಸೆಕೆ ನೋಡಲಾರದ ಮಗನ ಮುಂದೆ ಅದನ್ನು ಹೇಳುವುದು ಹೇಗೆ? ಊರಿಗೆ ಮರಳಿದ ಮೇಲೆ ಈ ವಿಷಯದ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಶಿಕಾರಿಪುರ, ಸೊರಬದ ಸುದ್ದಿ ಕರಾವಳಿಯ ಓದುಗರಿಗೆ ಯಾಕೆ ಎಂದು ಕೇಳಬಹುದು. ಆ ಎರಡು ತಾಲೂಕುಗಳು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವು. ಆದರೆ ಅಲ್ಲಿನ ಕ್ರೈಸ್ತ ಮನೆಗಳಲ್ಲಿ ಎಷ್ಟೋ ಮನೆಗಳ ಬೇರು ಕರಾವಳಿಯಲ್ಲಿದೆ. ತೋಟ, ಗದ್ದೆ, ಕೂಲಿ, ಶಾಲೆ ಎಂದು ಘಟ್ಟ ಹತ್ತಿದವರ ಮೊಮ್ಮಕ್ಕಳು ಅವರು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಹುಟ್ಟಿದಾಗ ಅದರ ಮೊದಲ ಧರ್ಮಾಧ್ಯಕ್ಷರಾಗಿ ಬಂದ ಅತಿ ವಂದನೀಯ ಜೆರಾಲ್ಡ್ ಐಸಾಕ್ ಲೋಬೊರವರು ಅದಕ್ಕೆ ಮೊದಲು ಶಿವಮೊಗ್ಗದ ಧರ್ಮಾಧ್ಯಕ್ಷರಾಗಿದ್ದರು. ಇನ್ನೊಂದು ನಂಟೂ ಇದೆ: ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ ನಾಲ್ಕೂ ಜಿಲ್ಲೆಗಳಿಗೆ ಕರೆಂಟು ಕೊಡುವುದು ಒಂದೇ ಮೆಸ್ಕಾಂ. ಸೊರಬದಲ್ಲಿ ಹೊತ್ತುವ ಬಲ್ಬಿನ ಲೆಕ್ಕ ಮಂಗಳೂರಿನ ಪುಸ್ತಕದಲ್ಲೇ ಬರೆಯಲ್ಪಡುತ್ತದೆ.

ಹಳೇ ಮನೆ ತಂಪಾಗಿದ್ದದ್ದು ಹೇಗೆ?

ಇದರಲ್ಲಿ ಪವಾಡವೇನೂ ಇಲ್ಲ. ಶಾಖ ಮನೆಯೊಳಗೆ ಬರುವುದು ಮೂರು ದಾರಿಯಲ್ಲಿ. ಬಿಸಿಲು ಬಿದ್ದ ಗೋಡೆ, ಮಾಡಿನ ಮೂಲಕ ಹಾದು ಬರುವುದು ಒಂದು. ಬಿಸಿ ಗಾಳಿಯ ಜತೆ ಕಿಟಕಿ ಬಾಗಿಲಿಂದ ನುಗ್ಗುವುದು ಎರಡು. ಕಾದ ವಸ್ತುವಿನಿಂದ, ಒಲೆಯ ಎದುರು ಕುಳಿತಾಗ ಮುಖಕ್ಕೆ ತಾಗುವಂತೆ, ನೇರವಾಗಿ ಮೈಗೆ ಹೊಡೆಯುವುದು ಮೂರು. ನಮ್ಮ ಹಿರಿಯರು ಭೌತಶಾಸ್ತ್ರದ ಪರೀಕ್ಷೆ ಬರೆದವರಲ್ಲ, ಆದರೂ ಮೂರೂ ದಾರಿಗೆ ಅಡ್ಡ ಕಟ್ಟಿದ್ದರು.

ಅರೆಮಲೆನಾಡಿನ ಹಳೇ ಮನೆಯ ಗೋಡೆ ಮಣ್ಣಿನದು ಅಥವಾ ಜಂಬಿಟ್ಟಿಗೆ ಕಲ್ಲಿನದು (ನಮ್ಮಲ್ಲಿ ಕೆಂಪುಕಲ್ಲು, ಮುರಕಲ್ಲು ಎನ್ನುತ್ತೇವಲ್ಲ, ಅದೇ). ಒಂದೂವರೆ ಅಡಿ ದಪ್ಪ. ಅಂಥ ಗೋಡೆಯ ಹೊರಮೈಗೆ ಮಧ್ಯಾಹ್ನ ಬಿದ್ದ ಬಿಸಿಲಿನ ಕಾವು ಒಳಮೈ ಮುಟ್ಟುವುದಕ್ಕೆ ಎಷ್ಟೋ ಗಂಟೆ ಬೇಕು. ಅಷ್ಟರಲ್ಲಿ ಹೊರಗೆ ಕತ್ತಲಾಗಿ ತಂಪು ಗಾಳಿ ಬಂದಿರುತ್ತದೆ. ಅಂದರೆ ಗೋಡೆ ಕಾವನ್ನು ಪೂರ್ತಿ ತಡೆಯುವುದಿಲ್ಲ, ತಡ ಮಾಡುತ್ತದೆ. ಚಳಿಗಾಲದಲ್ಲಿ ಅದೇ ಗುಣ ತಿರುವುಮುರುವಾಗಿ ಕೆಲಸಕ್ಕೆ ಬರುತ್ತದೆ: ಹಗಲು ಕುಡಿದ ಕಾವು ರಾತ್ರಿ ಒಳಗೆ ಸೋರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೊರಬದ ಕಡೆ ಬೆಳಿಗ್ಗೆ ಮಂಜು ಮುಸುಕಿದಾಗ ಮಣ್ಣಿನ ಮನೆಯ ಒಳಗೆ ಬೆಚ್ಚಗೆ ಇರುವುದು ಇದರಿಂದಲೇ.

ಮಾಡಿನದು ಇನ್ನೊಂದು ಕಥೆ. ಮೊದಲು ಹುಲ್ಲು, ಸೋಗೆ, ನಾಡಹೆಂಚು. ಆಮೇಲೆ ಮಂಗಳೂರು ಹೆಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಸುಡಲು ಶುರುಮಾಡಿದ ಹೆಂಚು ಘಟ್ಟ ಹತ್ತಿ ಊರೂರು ಸೇರಿತು. ಹೆಂಚು ತೆಳು, ಬಿಸಿಲಿಗೆ ಬೇಗ ಕಾಯುತ್ತದೆ, ನಿಜ. ಆದರೆ ಹೆಂಚು ಹೆಂಚಿನ ನಡುವೆ ಸಂದಿ ಇದೆ, ಮಾಡು ಎತ್ತರ ಮತ್ತು ಇಳಿಜಾರು. ಬಿಸಿ ಗಾಳಿ ಹಗುರ, ಮೇಲೇರಿ ಸಂದಿಯಲ್ಲಿ ಹೊರಟುಹೋಗುತ್ತದೆ. ಸೂರ್ಯ ಮುಳುಗಿದ ಅರ್ಧ ಗಂಟೆಗೆ ಹೆಂಚು ಆರುತ್ತದೆ. ಅದರ ಕೆಳಗೆ ಅಟ್ಟ: ಮರದ ಹಲಗೆ ಅಥವಾ ಅಡಿಕೆ ದಬ್ಬೆ ಹಾಸಿ ಮೇಲೆ ಮಣ್ಣು ಮೆತ್ತಿದ್ದು. ಅಡಿಕೆ, ಭತ್ತ, ಹಳೇ ಪಾತ್ರೆ ತುಂಬಿದ ಆ ಅಟ್ಟವೇ ಹೆಂಚಿನ ಕಾವು ಕೆಳಗಿನವರ ತಲೆಗೆ ಹೊಡೆಯದಂತೆ ಕೊಡೆ ಹಿಡಿದದ್ದು. ಜಗಲಿ ಗೋಡೆಗೆ ನೆರಳು. ಬೇಸಿಗೆ ಬಂದರೆ ಅಂಗಳಕ್ಕೆ ಸೋಗೆ ಚಪ್ಪರ, ನೆಲಕ್ಕೆ ಸಗಣಿ ಸಾರಿಸಿ ನೀರು ಚಿಮುಕಿಸುವುದು. ನೀರು ಆವಿಯಾಗುವಾಗ ಸುತ್ತಲಿನ ಕಾವನ್ನು ಎಳೆದುಕೊಳ್ಳುತ್ತದೆ. ಈ ಉಪಾಯ ನಮ್ಮ ಕರಾವಳಿಯಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಗಾಳಿಯಲ್ಲೇ ತೇವ ತುಂಬಿದೆ. ಶಿಕಾರಿಪುರದಂಥ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿರುವುದರಿಂದ ಅಲ್ಲಿ ನಡೆಯುತ್ತದೆ. ಎರಡು ಸಾವಿರ ರೂಪಾಯಿ ಹೆಚ್ಚು ಕೊಟ್ಟು ನೀರು ತುಂಬಿಸುವ ಏರ್ ಕೂಲರನ್ನು ಉಡುಪಿಯಲ್ಲಿ ಕೊಂಡವರು ಆಮೇಲೆ ಪಶ್ಚಾತ್ತಾಪ ಪಡುವುದೂ ಇದೇ ಕಾರಣಕ್ಕೆ!

ಹಳೇ ಮನೆಯನ್ನು ಹೊಗಳುತ್ತಾ ಕುಳಿತರೆ ಅಲ್ಲಿ ಬದುಕಿದವರು ನಗುತ್ತಾರೆ. ಗೆದ್ದಲು, ಇಲಿ, ಪ್ರತಿ ವರ್ಷ ಹೆಂಚು ಕೈಯಾಡಿಸುವ ಖರ್ಚು, ಮಳೆಗಾಲದ ಸೋರುವಿಕೆ, ಕತ್ತಲೆ ಕೋಣೆ, ಒಳಗೆಲ್ಲ ಹೊಗೆ. ಹೆಂಚು ಹೊದಿಸಲು ಬರುವ ಆಳು ಇಂದು ಸಿಗುವುದಿಲ್ಲ, ಮರ ಸಿಕ್ಕರೂ ಕೊಳ್ಳುವ ಬೆಲೆಯಲ್ಲಿಲ್ಲ. ಜನ ತಾರಸಿ ಮನೆ ಬಯಸಿದ್ದು ಮೂರ್ಖತನದಿಂದ ಅಲ್ಲ. ಬಡವನಿಗೆ ಸೋರದ ಸೂರು ದೊಡ್ಡ ಮಾತು. ಸೊರಬದ ಕುಬಟೂರಿನವರೇ ಆದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಬಂದ ಆಶ್ರಯ ಯೋಜನೆಯನ್ನು ಆ ಕಡೆಯ ಬಡವರು ಇಂದಿಗೂ ನೆನೆಯುತ್ತಾರೆ.

ತಾರಸಿಯ ತೊಂದರೆ ಏನೆಂದರೆ, ಐದಿಂಚಿನ ಕಾಂಕ್ರೀಟು ಸ್ಲ್ಯಾಬು ಹಗಲಿಡೀ ಬಿಸಿಲು ಕುಡಿಯುತ್ತದೆ. ನೆತ್ತಿಯ ಮೇಲಿನ ಸೂರ್ಯನಿಗೆ ಮೈ ಪೂರ್ತಿ ಒಡ್ಡಿಕೊಂಡು ಮಲಗಿದ್ದು ಅದೇ. ಸಂಜೆಯ ಹೊತ್ತಿಗೆ ಕಾವು ಕೆಳಮುಖವಾಗಿ ತಲಪಿ, ನಾವು ಮಲಗುವ ಸಮಯಕ್ಕೆ ಸರಿಯಾಗಿ ಕೆಳಗೆ ಸುರಿಯುತ್ತದೆ. ಹೊರಗೆ 25 ಡಿಗ್ರಿ ಇದ್ದರೂ ಒಳಗೆ ಬೆವರುವುದು ಅದಕ್ಕೆ. ಜತೆಗೆ ಒಂಬತ್ತು ಅಡಿ ಎತ್ತರ, ಕೊಳಾಯಿ ಬದಿಯ ಒಂದೇ ಗೋಡೆಯಲ್ಲಿ ಕಿಟಕಿ, ಅದೂ ಸೊಳ್ಳೆಗೆ ಹೆದರಿ ಸಂಜೆ ಆರಕ್ಕೆ ಮುಚ್ಚಿದ್ದು. ಗಾಳಿ ಬರಬೇಕಾದರೆ ಹೋಗಲಿಕ್ಕೂ ದಾರಿ ಬೇಕು ಎಂಬುದನ್ನು ಮನೆಯ ನಕ್ಷೆ ಬರೆಯುವವರು ಮರೆತೇ ಬಿಟ್ಟಿದ್ದಾರೆ. ತಗಡಿನ ಮನೆಯದ್ದು ಇನ್ನೂ ಕಷ್ಟ. ತಗಡು ರಾತ್ರಿ ಬೇಗ ಆರುತ್ತದೆ, ಆದರೆ ಮಧ್ಯಾಹ್ನ ಅದರ ಕೆಳಗೆ ಬಾಣಂತಿ, ಕೂಸು, ಹಾಸಿಗೆ ಹಿಡಿದವರು ಇರಬೇಕಲ್ಲ?

ಎಸಿ ಎಂದರೆ ಕಾವಿನ ಕೂಲಿಯಾಳು

ಎಸಿ ತಂಪನ್ನು ತಯಾರಿಸುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅದು ಒಳಗಿನ ಕಾವನ್ನು ಹೊತ್ತು ಹೊರಗೆ ಎಸೆಯುತ್ತದೆ, ಅಷ್ಟೆ. ಒಳಗಿನ ಪೆಟ್ಟಿಗೆಯ ತಾಮ್ರದ ಕೊಳವೆಯಲ್ಲಿ ಒಂದು ವಿಶೇಷ ದ್ರವ ಆವಿಯಾಗುತ್ತಾ ಕೋಣೆಯ ಕಾವನ್ನು ಹೀರುತ್ತದೆ, ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆಯೇ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರು ಆ ಆವಿಯನ್ನು ಬಲವಾಗಿ ಒತ್ತುತ್ತದೆ. ಒತ್ತಿದಾಗ ಅದು ಬಿಸಿಯಾಗುತ್ತದೆ (ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೋಡಿದ್ದೀರಿ). ಆ ಬಿಸಿಯನ್ನು ಫ್ಯಾನು ಹೊರಗೆ ಊದುತ್ತದೆ, ಆವಿ ಮತ್ತೆ ದ್ರವವಾಗಿ, ಸಣ್ಣ ತೂತಿನಲ್ಲಿ ಹಾದು ತಣ್ಣಗಾಗಿ, ಒಳಗೆ ಬರುತ್ತದೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗದಿರಲಿ ಎಂದು ವಿಲಿಸ್ ಕ್ಯಾರಿಯರ್ ಎಂಬ ಇಂಜಿನಿಯರು ರೂಪಿಸಿದ ಏರ್ಪಾಡು ಇದರ ಮೂಲ. ಮನುಷ್ಯರ ಸೆಕೆ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಒಂದು ಟನ್ನಿನ ಎಸಿ ಎಂದರೆ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಕಾವು ಎಳೆಯುತ್ತದೋ ಅಷ್ಟನ್ನು ಎಳೆಯುವ ಯಂತ್ರ, ಅಂದರೆ ಸುಮಾರು ಮೂರೂವರೆ ಕಿಲೋವಾಟ್. ಅದಕ್ಕೆ ತಿನ್ನುವ ಕರೆಂಟು ಸುಮಾರು ಒಂದು ಕಿಲೋವಾಟ್. ಒಂದಕ್ಕೆ ಮೂರರಷ್ಟು ಕೆಲಸ! ಯುರೋಪಿನ ಚಳಿದೇಶಗಳಲ್ಲಿ ಇದನ್ನೇ ಹಿಂದುಮುಂದು ಮಾಡಿ, ಹೊರಗಿನ ಚಳಿಗಾಳಿಯಲ್ಲೂ ಇರುವ ಅಷ್ಟಿಷ್ಟು ಕಾವನ್ನು ಒಳಗೆ ಎಳೆದು ಮನೆ ಬೆಚ್ಚಗೆ ಮಾಡುತ್ತಾರೆ. ಹೀಟ್ ಪಂಪ್ ಎಂದು ಅದರ ಹೆಸರು. 2022ರಲ್ಲಿ ಉಕ್ರೇನ್ ಯುದ್ಧದಿಂದ ರಷ್ಯಾದ ಗ್ಯಾಸು ದುಬಾರಿಯಾದಾಗ ಜರ್ಮನಿ, ಪೋಲೆಂಡಿನಲ್ಲಿ ಇದಕ್ಕೆ ನೂಕುನುಗ್ಗಲು. ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಕಾದ ಸ್ಲ್ಯಾಬಿನ ಕೆಳಗೆ ಅದನ್ನು ಇಟ್ಟು, ಇಡೀ ರಾತ್ರಿ ಸ್ಲ್ಯಾಬಿನ ಜತೆ ಕುಸ್ತಿಗೆ ಬಿಡುವುದರಲ್ಲಿ ತಪ್ಪಿದೆ.

ಯಂತ್ರದೊಳಗಿನ ಗ್ಯಾಸಿನದೂ ಒಂದು ಸಮಸ್ಯೆ. ಹಳೆಯ ಆರ್-22 ಓಜೋನ್ ಪದರವನ್ನು ತೂತು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಈಗ ಸಾಮಾನ್ಯವಾಗಿರುವ ಆರ್-32 ಓಜೋನನ್ನು ಮುಟ್ಟದು, ಆದರೆ ಗಾಳಿಗೆ ಸೋರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 675 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥವನ್ನು ತಗ್ಗಿಸಲು 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಆದ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಆದರೆ ಮನೆಯಲ್ಲಿ ನಡೆಯುವುದೇನು? ತಂಪು ಕಡಿಮೆಯಾಯಿತೆಂದು ಮೆಕ್ಯಾನಿಕ್ಕನ್ನು ಕರೆಸುತ್ತೇವೆ, ಆತ ಸೋರುವ ಜಾಗ ಹುಡುಕುವ ಗೋಜಿಗೆ ಹೋಗದೆ ಉಳಿದ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದು ತುಂಬಿಸಿ ಹೋಗುತ್ತಾನೆ. ನಮಗೂ ಬೇಗ ಮುಗಿದರೆ ಸಾಕು.

ಇನ್ನೂರು ಯೂನಿಟ್ಟಿನ ಗೆರೆ

2023ರ ಆಗಸ್ಟಿನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಡ, ಮಧ್ಯಮ ವರ್ಗದ ಮನೆಗಳಿಗೆ ಎಷ್ಟು ಆಸರೆಯಾಗಿದೆ ಎಂದು ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದವರು ಈಗಲೂ ಇದ್ದಾರೆ. ಹಾಗಲ್ಲ. 2022–23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಉಚಿತದ ಮಿತಿ ನಿಗದಿಯಾಗುತ್ತದೆ. ಹಳೇ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿಯಾದ 53 ಯೂನಿಟ್ಟೇ ಆಧಾರ. ಮಿತಿ ಮೀರಿದರೆ ಮೀರಿದ್ದಕ್ಕೆ ಹಣ. 200 ದಾಟಿತೋ, ಇಡೀ ಬಿಲ್ಲು ಕೈಯಿಂದ.

ಈಗ ಎಸಿಯ ಲೆಕ್ಕ ಹಾಕೋಣ. ಸಾಧಾರಣ ಒಂದು ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ, ಕಂಪ್ರೆಸರು ನಡುನಡುವೆ ನಿಲ್ಲುವುದನ್ನು ಕಳೆದರೂ, ಸುಮಾರು ಆರು ಯೂನಿಟ್. ತಿಂಗಳಿಗೆ 180. ಐದು ನಕ್ಷತ್ರದ ಇನ್ವರ್ಟರ್ ಎಸಿಯಾದರೆ 120–130ಕ್ಕೆ ಇಳಿಸಬಹುದು. ಮನೆಯ ಉಳಿದ ಬಳಕೆ 70 ಎಂದಿಟ್ಟುಕೊಂಡರೂ ಮೊದಲನೆಯದು ಗೆರೆ ದಾಟಿಸಿಯೇ ಬಿಡುತ್ತದೆ, ಎರಡನೆಯದು ಗೆರೆಯ ಅಂಚಿನಲ್ಲಿ ನಿಲ್ಲಿಸುತ್ತದೆ. ಮನೆಯೊಡತಿ ಆಮೇಲೆ ಮೀಟರು ನೋಡಿ ನೋಡಿ ಫ್ರಿಜ್ಜು ಆರಿಸುವುದು, ಅಜ್ಜಿಯ ಕೋಣೆಯ ಫ್ಯಾನು ನಿಲ್ಲಿಸುವುದು! ಇದು ಕಟ್ಟುಕತೆಯಲ್ಲ, ಮನೆ ಭೇಟಿಯಲ್ಲಿ ಕಣ್ಣಾರೆ ಕಂಡದ್ದು. ಸಾಧಾರಣ ಫ್ಯಾನಿಗೆ 75 ವಾಟ್, ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಹೊಸ ಬಿಎಲ್‌ಡಿಸಿ ಫ್ಯಾನು 30 ವಾಟ್ ಆಸುಪಾಸು, ತಿಂಗಳಿಗೆ 11 ಯೂನಿಟ್. ಮೂರು ಫ್ಯಾನು ಬದಲಿಸಿದ ಮನೆಗೆ ತಿಂಗಳಿಗೆ ಹತ್ತಿರ ಹತ್ತಿರ 50 ಯೂನಿಟ್ ಉಳಿಯಿತು. ಆದರೆ ಒಂದು ಎಚ್ಚರಿಕೆ: ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರು ಆರಿಸುತ್ತದೆ. ಕೋಣೆಯ ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನು ಮೈಯನ್ನು ಇನ್ನೂ ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ತಗಡಿನ ಮನೆಯ ಮುದುಕರನ್ನು ಮಧ್ಯಾಹ್ನ ಹೊರಗೆ ಮರದ ನೆರಳಿಗೆ ಕರೆತರುವುದೇ ಆಗ ಒಳ್ಳೆಯದು.

2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಸಿಮೆಂಟಿಗೂ ಹಾಗೆಯೇ. ಸ್ಲ್ಯಾಬೂ ಅಗ್ಗ, ಸ್ಲ್ಯಾಬಿನ ಕಾವನ್ನು ಹೊರಗೆ ಹಾಕುವ ಯಂತ್ರವೂ ಅಗ್ಗ. ಅದೇ ವರ್ಷದ ಜೂನ್‌ನಲ್ಲಿ ಕೇಂದ್ರದ ಇಂಧನ ಸಚಿವರು ಎಸಿಗಳನ್ನು 20 ಡಿಗ್ರಿಗಿಂತ ಕೆಳಗೆ ಇಳಿಸಲಾಗದಂತೆ ಮಾಡುವ ಪ್ರಸ್ತಾಪ ಮಾಡಿದಾಗ ನಗರಗಳಲ್ಲಿ ಗದ್ದಲವೋ ಗದ್ದಲ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ. 6 ಕರೆಂಟು ಉಳಿಯುತ್ತದೆ. 18ಕ್ಕೆ ಇಟ್ಟು ಕಂಬಳಿ ಹೊದೆಯುವವರು 25ಕ್ಕೆ ಇಟ್ಟು ಫ್ಯಾನು ಹಾಕಿ ಮಲಗಿದರೆ ನಿದ್ರೆಗೇನೂ ಕೊರತೆಯಾಗದು.

ಬಚ್ಚಲ ಒಲೆಯ ವಿಷಯ ಯಾರೂ ಎತ್ತುವುದಿಲ್ಲ

ತಂಪಿನ ಬಗ್ಗೆ ಪತ್ರಿಕೆಗಳು ಬರೆಯುತ್ತವೆ. ಘಟ್ಟದ ಮೇಲಿನ ಮನೆಗಳಲ್ಲಿ ವರ್ಷದ ಹನ್ನೆರಡೂ ತಿಂಗಳು ನಡೆಯುವುದು ಕಾಯಿಸುವ ಕೆಲಸ, ಸ್ನಾನದ ನೀರು. ಮಲೆನಾಡಿನವರಿಗೆ ಬಿಸಿನೀರ ಸ್ನಾನ ಚಟವಲ್ಲ, ಜೂನ್‌ನಿಂದ ಜನವರಿವರೆಗೆ ಮಳೆ, ಚಳಿಯಲ್ಲಿ ಗದ್ದೆ, ತೋಟದಿಂದ ಬಂದ ಮೈಗೆ ಅದೇ ಔಷಧಿ.

ಒಬ್ಬರ ಸ್ನಾನಕ್ಕೆ 20 ಲೀಟರ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಶಕ್ತಿ ಬೇಕು. ಐದು ಜನರ ಮನೆಗೆ ದಿನಕ್ಕೆ ಎರಡೂವರೆ, ತಿಂಗಳಿಗೆ 70–75 ಯೂನಿಟ್. ಗೀಜರ್ ಹಾಕಿಸಿದ ಹೊಸ ಮನೆಯ 53ರ ಲೆಕ್ಕ ಅಲ್ಲಿಗೇ ಮುಗಿಯಿತು. ಅದೇ ಸ್ನಾನ ಸೌದೆಯಲ್ಲಾದರೆ? ಹಂಡೆಯ ಕೆಳಗಿನ ತೆರೆದ ಒಲೆಯಲ್ಲಿ ಸೌದೆಯ ಶಕ್ತಿಯ ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ಹೋಗುತ್ತದೆ, ಉಳಿದದ್ದು ಹೊಗೆಯ ಜತೆ ಮಾಡಿಗೆ. ಅಂದರೆ ಒಂದು ಸ್ನಾನಕ್ಕೆ ಸುಮಾರು ಒಂದು ಕಿಲೋ ಸೌದೆ. ಐದು ಜನಕ್ಕೆ ವರ್ಷಕ್ಕೆ ಒಂದೂಮುಕ್ಕಾಲು ಟನ್ನು! ಉಜ್ವಲ ಯೋಜನೆ 2016ರಲ್ಲಿ ಶುರುವಾಗಿ ಅಡಿಗೆ ಒಲೆಗೆ ಗ್ಯಾಸು ಬಂತು, ಆದರೆ ಹಂಡೆಗೆ ಗ್ಯಾಸು ಹಚ್ಚುವವರಿಲ್ಲ. ತೋಟವಿದ್ದವರಿಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ ಇದೆ. ಇಲ್ಲದವರು, ಹೆಚ್ಚಾಗಿ ಹೆಂಗಸರು, ಕಾಡಿಗೆ ಹೋಗುತ್ತಾರೆ.

ಇಲ್ಲಿ ಸೊರಬದ ಹೆಸರು ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಸೇರಿದ ಕಾರಣವನ್ನು ನೆನೆಯಬೇಕು. ಕ್ಯಾಸನೂರು ಕಾಡು ಇರುವುದು ಸೊರಬ ತಾಲೂಕಿನಲ್ಲಿ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹರಡಿ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಾಣುವನ್ನು ಪತ್ತೆ ಹಚ್ಚಿದರು. ಮಂಗನ ಕಾಯಿಲೆ ಎಂದು ನಾವು ಕರೆಯುವುದು ಅದನ್ನೇ. ಹರಡುವುದು ಉಣ್ಣೆಯಿಂದ. ಉಣ್ಣೆಯ ಮರಿಗಳು ಹೆಚ್ಚುವ ಕಾಲ ಡಿಸೆಂಬರಿನಿಂದ ಮೇ ತಿಂಗಳು, ಮಳೆಗಾಲಕ್ಕೆಂದು ಸೌದೆ, ದರಗು ಒಟ್ಟುವ ಕಾಲವೂ ಅದೇ. ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ಅದನ್ನು ಕೊಡುವುದು ನಿಂತಿತು. 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಸಾವುಗಳಾದವು. ಮೈಗೆ ಡೇಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ, ಹೇಳಲೇಬೇಕು. ಕಾಡಿಗೆ ಹೋಗುವ ಅಗತ್ಯವನ್ನೇ ಅರ್ಧ ಮಾಡಬಹುದಲ್ಲ ಎಂಬ ಮಾತು ಮಾತ್ರ ಕೇಳಿಬರುವುದು ಕಡಿಮೆ.

ಅದಕ್ಕೆ ದಾರಿ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ ಹಳಬರಿಗೆ ನೆನಪಿರಬಹುದು. ಬೆಂಕಿಯನ್ನು ಮುಚ್ಚಿ, ಗಾಳಿಯನ್ನು ಅಳತೆಯಲ್ಲಿ ಬಿಟ್ಟು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಈ ವಿಧಾನವನ್ನು ಬಚ್ಚಲ ಹಂಡೆಗೂ ಅಳವಡಿಸಿದರೆ ಸೌದೆ ಅರ್ಧಕ್ಕೆ ಇಳಿಯುತ್ತದೆ. ಸೋಲಾರ್ ವಾಟರ್ ಹೀಟರ್ ಇನ್ನೊಂದು. ನೂರು ಲೀಟರಿನದು ಸಣ್ಣ ಸಂಸಾರಕ್ಕೆ ಸಾಕು. ಆದರೆ ಮಾರುವವರು ಬಾಯಿ ಬಿಡದ ಮಾತೊಂದಿದೆ: ಘಟ್ಟದ ಮೇಲೆ ಬಿಸಿನೀರು ಅತ್ಯಂತ ಬೇಕಾಗುವ ಜೂನ್‌ನಿಂದ ಸೆಪ್ಟೆಂಬರ್‌ನಲ್ಲಿ ಸೂರ್ಯನೇ ಕಾಣುವುದಿಲ್ಲ. ಆದ್ದರಿಂದ ಎಂಟು ತಿಂಗಳು ಸೋಲಾರ್, ನಾಲ್ಕು ತಿಂಗಳು ಒಳ್ಳೆಯ ಒಲೆ ಎಂದು ಎರಡನ್ನೂ ಇಟ್ಟುಕೊಂಡ ಮನೆಯವರೇ ಜಾಣರು.

ಕರೆಂಟು ಎಲ್ಲಿಂದ?

ಎಸಿಗಳೆಲ್ಲ ಹೊತ್ತುವುದು ರಾತ್ರಿ, ಸೋಲಾರ್ ಫಲಕಗಳು ಮಲಗಿದ ಮೇಲೆ. ಆ ಹೊತ್ತಿನ ಬೇಡಿಕೆಗೆಂದೇ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಹಗಲು ನೀರನ್ನು ಮೇಲಕ್ಕೆ ಎತ್ತುವುದು, ಸಂಜೆ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ಬೇಕಾಗುವ ಕರೆಂಟು ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು, ಆದರೂ ಬೇಕಾದ ಹೊತ್ತಿಗೆ ಸಿಗುತ್ತದೆಂಬುದೇ ಅದರ ಬೆಲೆ. ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ ಕೊರೆಯುವುದನ್ನು ವಿರೋಧಿಸಿ 2025ರಲ್ಲಿ ಸಾಗರ, ಹೊನ್ನಾವರದ ಕಡೆ ಜನ ಎದ್ದು ನಿಂತರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆ ಮಠ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ ಅವರ ಸಂಶಯ ಸಹಜ. ಇತ್ತ ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. ಅದರ ನೆರೆಹೊರೆಯ ಧರ್ಮಕೇಂದ್ರಗಳ ಕೃಷಿಕರನ್ನು ಕೇಳಿದರೆ ಮಿಕ್ಕ ಕಥೆ ಹೇಳುತ್ತಾರೆ.

ನಮ್ಮ ಚರ್ಚು, ನಮ್ಮ ಸಭಾಂಗಣ

ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಎಸಿಯ ಉದಾಹರಣೆಯನ್ನೇ ಕೊಟ್ಟಿದ್ದಾರೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 55ನೇ ಪರಿಚ್ಛೇದದಲ್ಲಿ, ಬಳಕೆಯ ಚಾಳಿ ಹೇಗೆ ಬೆಳೆಯುತ್ತದೆ, ಮಾರುಕಟ್ಟೆ ಅದನ್ನು ಹೇಗೆ ಕೆರಳಿಸುತ್ತದೆ ಎಂಬುದಕ್ಕೆ ಅವರು ಎತ್ತಿದ್ದು ಇದನ್ನೇ. ಆಗ ಅಮೆರಿಕದ ಕೆಲವು ಪತ್ರಿಕೆಗಳು ಅವರನ್ನು ಲೇವಡಿ ಮಾಡಿದವು. ಅವರು ಹೇಳಿದ್ದನ್ನು ಎಸಿಯೇ ಪಾಪ ಎಂದು ಓದಬೇಕಾಗಿಲ್ಲ. ಹೃದ್ರೋಗಿಗೆ, ಕೂಸಿಗೆ, ಆಸ್ಪತ್ರೆಗೆ ತಂಪು ಬೇಕೇಬೇಕು. ಸೆಕೆಯಲ್ಲಿ ಸಾಯುವವರು ಎಲ್ಲ ಕಡೆ ಬಡವರು, ವೃದ್ಧರು. ನನ್ನ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಿಗೆ.

ಕಳೆದ ಕೆಲವು ವರ್ಷಗಳಲ್ಲಿ ಕರಾವಳಿಯಲ್ಲೂ ಘಟ್ಟದ ಮೇಲೂ ಎಷ್ಟು ಚರ್ಚುಗಳ ಹೆಂಚು ಇಳಿಸಿ ತಗಡು ಹೊದಿಸಲಾಗಿದೆ? ಕೆಳಗೆ ಪಿಒಪಿ ಅಲಂಕಾರ, ಗಾಜು ಹಾಕಿ ಮುಚ್ಚಿದ ಕಿಟಕಿ, ಆಮೇಲೆ ಭಾನುವಾರದ ಬಲಿಪೂಜೆಗೆ ಸೆಕೆ ಎಂದು ಎಸಿಗೆ ದಾನಿಗಳನ್ನು ಹುಡುಕುವುದು. ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಕೂರಿಸುವುದು ತಗಡಿನ ಸಭಾಂಗಣದಲ್ಲಿ. ಇನ್ನು ಬಡವರಿಗೆ ಮನೆ: ಜುಬಿಲಿ ಬಂದರೆ, ಹಬ್ಬ ಬಂದರೆ ಮನೆ ಕಟ್ಟಿಸಿಕೊಡುವುದು ನಮ್ಮ ಒಳ್ಳೆಯ ಪರಂಪರೆ. ನಾನೂ ಅಂಥ ಮನೆಗಳ ಕೀಲಿಕೈ ಹಸ್ತಾಂತರದ ಫೋಟೋಗಳಲ್ಲಿ ನಗುತ್ತಾ ನಿಂತಿದ್ದೇನೆ. 400 ಚದರಡಿ, ಒಂಬತ್ತಡಿ ಎತ್ತರದ ಸ್ಲ್ಯಾಬು, ಒಂದೇ ಬದಿಗೆ ಎರಡು ಕಿಟಕಿ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಒಂದು ರಾತ್ರಿ ಮಲಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಮಲಗಿಲ್ಲ.

ಕೇರಳದಲ್ಲಿ ಆರ್ಚ್‌ಬಿಷಪ್ ಬೆನೆಡಿಕ್ಟ್ ಮಾರ್ ಗ್ರೆಗೋರಿಯೋಸ್‌ರವರು 1970ರ ಸುಮಾರಿಗೆ ಬಡವರಿಗೆ ಮೂರು ಸಾವಿರ ರೂಪಾಯಿಯಲ್ಲಿ ಮನೆ ಕಟ್ಟಬಹುದೇ ಎಂದು ಲಾರಿ ಬೇಕರ್‌ರವರಿಗೆ ಸವಾಲು ಹಾಕಿದ್ದರು, ಬೇಕರ್ ಕಟ್ಟಿ ತೋರಿಸಿದರು. ಅದೇ ಬೇಕರ್ ತಿರುವನಂತಪುರದಲ್ಲಿ ಲೊಯೋಲಾ ಪ್ರಾರ್ಥನಾಲಯವನ್ನು ಕಟ್ಟಿದಾಗ ಗೋಡೆಗಳಲ್ಲಿ ಇಟ್ಟಿಗೆಯ ಜಾಲಂಧ್ರ ಬಿಟ್ಟರು: ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಕಾಂಕ್ರೀಟಿನ ನಡುವೆ ಹಳೇ ಮಂಗಳೂರು ಹೆಂಚುಗಳನ್ನು ಇಟ್ಟು ಸ್ಲ್ಯಾಬು ಹಾಕುವ ಅವರ ವಿಧಾನದಲ್ಲಿ ಸಿಮೆಂಟೂ ಕಡಿಮೆ, ಕಾವೂ ಕಡಿಮೆ. ಕೆಡವಿದ ಚರ್ಚಿನ ಹೆಂಚುಗಳು ನಮ್ಮ ಗುರುನಿವಾಸಗಳ ಹಿಂದೆ ಪಾಚಿ ಹಿಡಿದು ಬಿದ್ದಿವೆಯಲ್ಲ, ಅವಕ್ಕೆ ಇದಕ್ಕಿಂತ ಒಳ್ಳೆಯ ಗತಿ ಏನಿದೆ?

ಹಾಕಿಯಾದ ಸ್ಲ್ಯಾಬಿಗೆ ಅತಿ ಅಗ್ಗದ ಮದ್ದು ಸುಣ್ಣ. ಮಳೆ ನಿಂತ ಮೇಲೆ ತಾರಸಿಗೆ ಎರಡು ಕೈ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ತೆಲಂಗಾಣ ಸರಕಾರ 2023ರಲ್ಲಿ ಇದಕ್ಕೆಂದೇ ತಂಪು ಮಾಡಿನ ನೀತಿಯನ್ನು ತಂದಿತು. ಕರ್ನಾಟಕ ತರಲಿ ಎಂದು ಕಾಯಬೇಕಾಗಿಲ್ಲ. ಯುವಕರ ಸಂಘ ಒಂದು ಶನಿವಾರ ಕುಂಚ ಹಿಡಿದರೆ ಒಂದು ವಾಳೆಯ ವೃದ್ಧರ ಮನೆಗಳೆಲ್ಲ ಮುಗಿಯುತ್ತವೆ. ತಗಡಿನ ಮನೆಗೆ ಒಳಗಿನಿಂದ ಬಿದಿರು ಚಾಪೆಯದ್ದೋ ಹಲಗೆಯದ್ದೋ ಒಂದು ಸೀಲಿಂಗ್, ಮೇಲೆ ಗಾಳಿ ಹೋಗಲು ಸಂದಿ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಇದನ್ನು ಮನೆ ದುರಸ್ತಿಯ ಪಟ್ಟಿಗೆ ಸೇರಿಸಲಿ ಎಂದು ನನ್ನ ವಿನಂತಿ. ಚರ್ಚಿನ ಮಾಡಿನ ಮೇಲೆ ಸೋಲಾರ್ ಫಲಕ ಹಾಕಿದರೆ ಕೆಳಗೆ ನೆರಳು, ಮೇಲೆ ಕರೆಂಟು. ವ್ಯಾಟಿಕನ್ 2008ರಷ್ಟು ಹಿಂದೆಯೇ ಆರನೇ ಪೌಲ್ ಸಭಾಂಗಣದ ಮಾಡಿಗೆ ಹಾಕಿತು. ಮನೆಗಳಿಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನವಿದೆ, ಅರ್ಜಿ ತುಂಬಿಸಿಕೊಡುವವರು ಬೇಕು.

ಶಿಕಾರಿಪುರದ ಆ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಸರಿ ಫಾದರ್, ಎರಡೂ ಮಾಡ್ತೇನೆ," ಎಂದ. ತಾರಸಿಗೆ ಸುಣ್ಣ ಬಳಿಸಿ, ಅದರ ಮೇಲೆ ಸೋಗೆಯ ಚಪ್ಪರವನ್ನೂ ಹಾಕಿಸಿದ. ಒಂದು ಕೋಣೆಗೆ ಐದು ನಕ್ಷತ್ರದ ಎಸಿಯೂ ಬಂತು. ಮೇ ತಿಂಗಳಲ್ಲಿ ತಾಯಿಯ ಹತ್ತಿರ ಮಾತಾಡಿದಾಗ, ಸುಣ್ಣ ಬಳಿದ ಮೇಲೆ ರಾತ್ರಿ ಹತ್ತರ ಮೇಲೆ ಎಸಿ ಆರಿಸಿ ಕಿಟಕಿ ತೆರೆಯುತ್ತೇವೆ, ಬಿಲ್ಲು ಇನ್ನೂರರ ಒಳಗೇ ಇದೆ ಎಂದರು. ಅಜ್ಜಿ ಮಾತ್ರ ಆ ಕೋಣೆಗೆ ಕಾಲಿಡುವುದಿಲ್ಲವಂತೆ, ಮೊಣಕಾಲು ಹಿಡಿಯುತ್ತದೆಂದು ಈಗಲೂ ಮೆಟ್ಟಿಲ ಮೇಲೆಯೇ ಕೂರುತ್ತಾರಂತೆ.